ರೂಟ್ ಅಧಿಕಾರವಿಲ್ಲದೆ ಸರ್ಟ್‌ಬಾಟ್

ಪ್ರಶ್ನೆ: ಸರ್ವರಿನಲ್ಲಿ ರೂಟ್ ಅಧಿಕಾರವಿಲ್ಲದ ನಾನು ಸರ್ಟ್‌ಬಾಟನ್ನು ನಡೆಸಬಲ್ಲೆನೆ?

ಉತ್ತರ: ಧಾರಾಳವಾಗಿ ನಡೆಸಬಹುದು. ಸರ್ಟ್‌ಬಾಟ್ ಕೋರಿದ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯು ನೀಡುವ ಮುನ್ನ ವಿಚಾರಿಸುವುದು ಆ ಜಾಲತಾಣದ ಹೆಸರು ನಿಮ್ಮ ಅಧೀನದಲ್ಲಿದೆಯೆ ಎಂಬುದನ್ನೇ ಹೊರತು, ಯಂತ್ರದ ಮೇಲೆ ನಿಮಗೆ ಪರಮಾಧಿಕಾರವಿದೆಯೆ ಎಂಬುದನ್ನಲ್ಲ. ರೂಟ್ ಬೇಕೆಂಬ ನಿರ್ಬಂಧವು ಹುಟ್ಟುವುದು, ಸರ್ಟ್‌ಬಾಟ್ ತಂತ್ರಾಂಶವು ತನ್ನ ಕಡತಗಳನ್ನು ಇಟಿಸಿ, ವಾರ್ ಮೊದಲಾದ ವ್ಯವಸ್ಥಾಕೋಶಗಳಲ್ಲಿ ಬರೆಯಲು ಹವಣಿಸುವುದರಿಂದಲೂ, ತಾನೇ ಸರ್ವರಾಗಿ ನಿಂತಾಗ 80ನೆಯ ಪೋರ್ಟನ್ನು ಬಯಸುವುದರಿಂದಲೂ; 1024ಕ್ಕಿಂತ ಕೆಳಗಿನ ಪೋರ್ಟುಗಳನ್ನು ರೂಟ್‌ಗೆ ಮೀಸಲಿಡುವುದು ಯುನಿಕ್ಸಿನ ಹಳೆಯ ಸಂಪ್ರದಾಯ.

ಆದುದರಿಂದ ಸಂರಚನೆ, ಕಾರ್ಯ, ಲಾಗ್ ಎಂಬ ಮೂರು ಕೋಶಗಳನ್ನೂ ಕಾನ್ಫಿಗ್-ಡಿರ್, ವರ್ಕ್-ಡಿರ್, ಲಾಗ್ಸ್-ಡಿರ್ ಆಯ್ಕೆಗಳ ಮೂಲಕ ನಿಮ್ಮ ಹೋಮ್ ಫೋಲ್ಡರಿಗೇ ತಿರುಗಿಸಿ, ವೆಬ್‌ರೂಟ್ ವಿಧಾನವನ್ನು ಅವಲಂಬಿಸಿದರೆ, ಈಗಾಗಲೇ ಓಡುತ್ತಿರುವ ಸರ್ವರೇ ಸರ್ಟ್‌ಬಾಟ್ ಇರಿಸುವ ಪರೀಕ್ಷಾಕಡತವನ್ನು ಹೊರಜಗತ್ತಿಗೆ ತೋರಿಸುತ್ತದೆ; ತಾಣದ ಫೋಲ್ಡರಿನಲ್ಲಿ ಬರೆಯುವ ಅನುಮತಿಯಿದ್ದರೆ ಸಾಕು. ಅದೂ ಇಲ್ಲದವರು ಡಿಎನ್‌ಎಸ್‌ನಲ್ಲಿ ಟಿಎಕ್ಸ್‌ಟಿ ದಾಖಲೆಯನ್ನಿಟ್ಟು ಒಡೆತನವನ್ನು ಸಾಬೀತುಪಡಿಸಬಹುದು.

ನಿಜವಾದ ತೊಡಕಿರುವುದು ಅನಂತರದಲ್ಲಿ. ಹೊಸ ಪ್ರಮಾಣಪತ್ರವನ್ನು ಸರ್ವರಿಗೆ ಓದಿಸಲು ಆ ಸರ್ವರನ್ನು ರೀಲೋಡ್ ಮಾಡಲೇಬೇಕು, ಅದಕ್ಕೆ ಪ್ರಾಯಶಃ ರೂಟ್ ಬೇಕು. ಹಜಾರ ಗುಡಿಸುವವನಿಗೆ ತಿಜೋರಿಯ ಬೀಗದಕೈಯನ್ನೊಪ್ಪಿಸದೆ, ಆ ಒಂದು ಆಜ್ಞೆಗೆ ಮಾತ್ರ ಸುಡೋ ಅನುಮತಿಯನ್ನು ಪಡೆಯುವುದೇ ಯುಕ್ತವೆಂದು ನನ್ನ ಮತ. ನವೀಕರಣದ ವೇಳೆಯಲ್ಲಿಯೂ ಅವೇ ಮೂರು ಕೋಶಗಳನ್ನು ಸೂಚಿಸಲು ಮರೆಯಬೇಡಿ.