ನಲವತ್ತೈದರಲ್ಲಿ ಲಾ ಕಾಲೇಜು!

"ಈ ವಯಸ್ಸಿಗೆ ಓದಿ ಇನ್ಯಾರನ್ನ ಗೆಲ್ಲಿಸಬೇಕು ನೀನು?"

ನಮ್ಮತ್ತೆ ಕೇಳಿದ್ದು ಇಷ್ಟೇ. ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದವರು ತಲೆ ಕೂಡ ಎತ್ತಲಿಲ್ಲ. ಅದು 2021. ನನಗಾಗ 45 ವರ್ಷ. ಸಹಕಾರಿ ಬ್ಯಾಂಕೊಂದರಲ್ಲಿ ಗುಮಾಸ್ತೆಯ ಕೆಲಸ. ಮನೆಯಲ್ಲಿ ಡಿಗ್ರಿ ಓದುವ ಮಗಳು, ಹೈಸ್ಕೂಲಿನ ಮಗ, ಮಂಡಿನೋವಿನ ಅತ್ತೆ. ಇಷ್ಟರ ಮಧ್ಯೆ ಕಾನೂನು ಪದವಿಗೆ ಸೇರುತ್ತೇನೆ ಅಂದರೆ ಯಾರು ತಾನೇ ನಗುವುದಿಲ್ಲ, ಹೇಳಿ?

ಅತ್ತೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿತ್ತು. ಆವತ್ತು ಬಾಯಿಬಿಡಲಿಲ್ಲ.

2009ರಲ್ಲಿ, ಅಪ್ಪ ತೀರಿಕೊಂಡ ಮರುವರ್ಷ, ತವರಿನಿಂದ ಫೋನು ಬಂತು. "ಒಂದು ಸಣ್ಣ ಸಹಿ ಇದೆ, ಬಂದು ಹೋಗಮ್ಮ" ಎಂದ ಅಣ್ಣ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಕ್ಕನೂ ನಾನೂ ತೋರಿಸಿದ ಕಡೆಯೆಲ್ಲ ಸಹಿ ಹಾಕಿ ಹೆಬ್ಬೆಟ್ಟು ಒತ್ತಿದೆವು. ಮನೆಗೆ ಬಂದರೆ ಅತ್ತಿಗೆ ಹೋಳಿಗೆ ಮಾಡಿದ್ದಳು. ಮಡಿಲಿಗೆ ಒಂದೊಂದು ರೇಷ್ಮೆ ಸೀರೆ. ಸಂಜೆ ಖುಷಿಯಿಂದಲೇ ಬಸ್ಸು ಹತ್ತಿದೆ. ಅದು ಅಜ್ಜನ ಕಾಲದಿಂದ ಬಂದ ಜಮೀನಿನಲ್ಲಿ ನನ್ನ ಪಾಲು ಬಿಟ್ಟುಕೊಟ್ಟ ಹಕ್ಕು ಬಿಡುಗಡೆ ಪತ್ರವೆಂದು ತಿಳಿದದ್ದು ಆ ವರ್ಷದ ದೀಪಾವಳಿಗೆ, ಭಾವ ರೇಗಾಡಿದಾಗ. ಬ್ಯಾಂಕಿನ ಕೌಂಟರಿನಲ್ಲಿ ದಿನಕ್ಕೆ ಇಪ್ಪತ್ತು ಸಲ "ಓದಿ ಸಹಿ ಮಾಡಿ" ಅನ್ನುವವಳು ನಾನು!

ಅದು ಹನ್ನೆರಡು ವರ್ಷ ಹೊಟ್ಟೆಯೊಳಗೇ ಇತ್ತು.

ಸೇರುವುದೇನೂ ಸುಲಭವಾಗಲಿಲ್ಲ. ಮೂರು ವರ್ಷದ ಎಲ್‌ಎಲ್‌.ಬಿ.ಗೆ ಯಾವುದಾದರೂ ಪದವಿ ಇರಬೇಕು, ಅದರಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 45 ಅಂಕ ಬೇಕು. ನನ್ನ ಬಿ.ಕಾಂ. ಅಷ್ಟಕ್ಕೆ ಸಾಕಾಯಿತು. ಭಯವಿದ್ದದ್ದು ವಯಸ್ಸಿನದು. ಭಾರತೀಯ ವಕೀಲರ ಪರಿಷತ್ತು 2008ರ ನಿಯಮಗಳಲ್ಲಿ 30 ವರ್ಷದ ಮಿತಿ ಹಾಕಿತ್ತು. ನಡುವೆ ಕೈಬಿಟ್ಟು 2016ರಲ್ಲಿ ಮತ್ತೆ ತಂದಾಗ, 2017ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ನನ್ನಂಥವರು ಒಳಗೆ ನುಸುಳಿದ್ದು ಆ ಬಾಗಿಲಿನಿಂದ. ಇನ್ನೊಂದು ಮಾತು ಸೋದರಿಯರೇ, "ಮನೆಯಲ್ಲೇ ಕೂತು ಲಾ ಡಿಗ್ರಿ ಮಾಡಿ" ಎಂದು ಯಾರಾದರೂ ಆಸೆ ತೋರಿಸಿದರೆ ದುಡ್ಡು ಕೊಡಬೇಡಿ. ವಕೀಲಿಗೆ ಅಂಚೆ ಶಿಕ್ಷಣದ ಪದವಿ ನಡೆಯುವುದಿಲ್ಲ. ತರಗತಿಗೆ ಹೋಗಲೇಬೇಕು, ಪ್ರತಿ ವಿಷಯದಲ್ಲೂ ಶೇ. 70 ಹಾಜರಿ ಬೇಕು.

ಈ ಹಾಜರಿಯೇ ನನ್ನ ಪ್ರಾಣ ತಿಂದದ್ದು. ಅನುಮತಿ ಅರ್ಜಿ ಮೇಲಧಿಕಾರಿಗಳ ಮೇಜಿನ ಮೇಲೆ ನಾಲ್ಕು ತಿಂಗಳು ಮಲಗಿತ್ತು. ಸಿಕ್ಕ ಮೇಲೆ ಬೆಳಗಿನ ತರಗತಿ, ಅಲ್ಲಿಂದ ಬ್ಯಾಂಕಿಗೆ ಓಟ. ಗಳಿಸಿಟ್ಟ ರಜೆಯನ್ನೆಲ್ಲ ಸುರಿದೆ, ಸಾಲದ್ದಕ್ಕೆ ಸಂಬಳವಿಲ್ಲದ ರಜೆಯನ್ನೂ ಹಾಕಿದೆ. ಕಲಮುಗಳನ್ನು ಮೊಬೈಲಿನಲ್ಲಿ ನಾನೇ ಓದಿ ಧ್ವನಿಮುದ್ರಿಸಿಕೊಂಡು ಚಪಾತಿ ಲಟ್ಟಿಸುವಾಗ ಕೇಳುತ್ತಿದ್ದೆ. ಕುಕ್ಕರ್ ಎಷ್ಟು ಸಲ ಕೂಗಿತೆಂಬ ಲೆಕ್ಕ ತಪ್ಪಿ ಅನ್ನ ಮುದ್ದೆಯಾದ ದಿನಗಳಿಗೆ ಲೆಕ್ಕವಿಲ್ಲ. ನಮ್ಮವರು ಸಾರು ಮಾಡುವುದನ್ನು ಕಲಿತರು. ಉಪ್ಪು ಹಾಕುವುದನ್ನು ಕಲಿತದ್ದು ಎರಡನೇ ವರ್ಷ!

ಮೊದಲ ಸೆಮಿಸ್ಟರಿನ ಕರಾರು ಕಾನೂನಿನಲ್ಲಿ ನಪಾಸಾದೆ. ಹಗಲೆಲ್ಲ ಸಾಲದ ಪತ್ರಗಳ ಮಧ್ಯೆ ಇರುವವಳು ಕರಾರಿನಲ್ಲೇ ಫೇಲು. "ಅಮ್ಮಾ, ಬ್ಯಾಕ್ ಉಳಿಸ್ಕೊಂಡ್ಯಾ?" ಎಂದು ಮಗಳು ನಕ್ಕಾಗ ಬಚ್ಚಲಿಗೆ ಹೋಗಿ ಅತ್ತೆ. ಆಮೇಲೆ ತಪ್ಪು ಹೊಳೆಯಿತು. ಉತ್ತರವನ್ನು ಪೂರ್ತಿ ಕನ್ನಡದಲ್ಲಾದರೂ ಬರೆಯಬಹುದು, ಪೂರ್ತಿ ಇಂಗ್ಲಿಷಿನಲ್ಲಾದರೂ ಬರೆಯಬಹುದು ಎಂದು ಪ್ರಶ್ನೆಪತ್ರಿಕೆಯ ತಲೆಯ ಮೇಲೇ ಅಚ್ಚಾಗಿರುತ್ತದೆ. ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಈ ಸೌಲಭ್ಯವನ್ನು ಬಿಟ್ಟು, ಹುಡುಗರ ಎದುರು ಸಣ್ಣವಳಾಗಬಾರದೆಂದು ಹರಕು ಇಂಗ್ಲಿಷಿನಲ್ಲಿ ಬರೆದಿದ್ದೆ. ಕನ್ನಡಕ್ಕೆ ತಿರುಗಿದ ಮೇಲೆ ಮತ್ತೆ ಯಾವುದರಲ್ಲೂ ನಪಾಸಾಗಲಿಲ್ಲ.

ಆ ದಿನಗಳಲ್ಲೇ ಕಾರ್ನೇಲಿಯಾ ಸೊರಾಬ್ಜಿಯ ಬಗ್ಗೆ ಓದಿದೆ. ನಾಸಿಕದಲ್ಲಿ ಹುಟ್ಟಿದ ಈಕೆ ಆಕ್ಸ್‌ಫರ್ಡಿನಲ್ಲಿ ಕಾನೂನು ಪರೀಕ್ಷೆ ಪಾಸಾದದ್ದು 1892ರಲ್ಲಿ. ಹೆಂಗಸೆಂದು ಪದವಿ ಕೊಡಲಿಲ್ಲ, ಕೊಟ್ಟದ್ದು 1922ರಲ್ಲಿ! ನಡುವೆ 1904ರಿಂದ ಬಂಗಾಳದಲ್ಲಿ ಸರ್ಕಾರಿ ಕೆಲಸ. ಪರದೆಯೊಳಗಿನ ಹೆಂಗಸರ ಆಸ್ತಿಗೆ ಕಾವಲು ನಿಲ್ಲುವುದೇ ಆ ಕೆಲಸ. ಆಕೆ 30 ವರ್ಷ ಕಾದಳು, ನಾನು ಮರುಪರೀಕ್ಷೆಗೆ ಆರು ತಿಂಗಳು ಕಾಯಲಾರೆನೇ?

ಕೌಟುಂಬಿಕ ಕಾನೂನಿನ ತರಗತಿ ಬಂತು. ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕರ್ನಾಟಕದಲ್ಲಿ 1994ರಲ್ಲೇ ಬಂದಿತ್ತು. ಆಗ ನನಗೆ ಮದುವೆಯೇ ಆಗಿರಲಿಲ್ಲ! 2005ರ ಸೆಪ್ಟೆಂಬರ್ 9ರಿಂದ ದೇಶಕ್ಕೆಲ್ಲ, ಮದುವೆಯಾದವರಿಗೂ ಬಂತು. ಅದು ಹುಟ್ಟಿನಿಂದಲೇ ಬರುವ ಹಕ್ಕು ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ಹೇಳಿತು. ಅಂದರೆ ನಾನು ಸಹಿ ಹಾಕಿದ ದಿನ ನನ್ನ ಪಾಲು ಅಣ್ಣನಷ್ಟೇ ಗಟ್ಟಿಯಾಗಿತ್ತು. ಎದೆ ಡವಡವ ಎಂದಿತು. ಮುಂದೆ ಕಾಲಮಿತಿ ಕಾನೂನಿನ ಪಾಠ. ಪತ್ರ ರದ್ದು ಮಾಡಿಸಲು, ವಿಷಯ ತಿಳಿದ ದಿನದಿಂದ ಮೂರೇ ವರ್ಷ.

"ಸರ್, ಓದದೆ ಸಹಿ ಮಾಡಿದ್ದರೆ?" ಎಂದು ಕೇಳಿದೆ.

"ಓದದಿದ್ದದ್ದು ಯಾರ ತಪ್ಪು ಮೇಡಂ?" ಎಂದರು ನನ್ನ ಸೋದರಳಿಯನ ವಯಸ್ಸಿನ ಉಪನ್ಯಾಸಕರು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಲು ಬಂದವಳು ನಾನು.

ಅಣ್ಣನಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ನೀನು ಕೇಳಿದ್ದರೆ ಕೊಡ್ತಿದ್ದೆ" ಅಂದ. ಕೇಳಬಹುದೆಂದೇ ನನಗೆ ಗೊತ್ತಿರಲಿಲ್ಲವಲ್ಲ! ಗೌರಿ ಹಬ್ಬಕ್ಕೆ ಈಗಲೂ ಹೋಗುತ್ತೇನೆ. ಹೋಳಿಗೆ ಮಾತ್ರ ಮೊದಲಿನಂತೆ ಇಳಿಯುವುದಿಲ್ಲ.

2024ರಲ್ಲಿ ಪಾಸಾದೆ. ಅಷ್ಟರಲ್ಲಿ ಜುಲೈ 1ರಿಂದ ಹಳೆಯ ದಂಡಸಂಹಿತೆಯೇ ಹೋಗಿ ಹೊಸದು ಬಂತು. ಬಾಯಿಪಾಠ ಮಾಡಿದ್ದ 420 ಈಗ 318. ಹೆಂಡತಿಗೆ ಜೀವನಾಂಶ ಕೊಡಿಸುವ 125 ಈಗ 144. ಮತ್ತೆ ಚಪಾತಿ, ಮತ್ತೆ ಮೊಬೈಲು! ಕರಿಕೋಟು ಹಾಕಿಲ್ಲ. ಪೂರ್ಣಾವಧಿ ಸಂಬಳದ ಕೆಲಸದಲ್ಲಿರುವವರು ವಕೀಲಿ ಮಾಡುವಂತಿಲ್ಲ, ಮಗನ ಓದು ಮುಗಿಯುವವರೆಗೆ ಸಂಬಳ ಬಿಡುವಂತೆಯೂ ಇಲ್ಲ.

ಆದರೆ ಭಾನುವಾರ ಜಗಲಿಯ ಮೇಲೆ ಓಣಿಯ ಹೆಂಗಸರು ಕಾಗದ ಹಿಡಿದು ಬರುತ್ತಾರೆ. ನಾನು ಓದಿ ಹೇಳುತ್ತೇನೆ, ಅಷ್ಟೇ. ದಾವೆ ಹೂಡಬೇಕಾದವರನ್ನು ಕೋರ್ಟಿನ ಆವರಣದ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕಳಿಸುತ್ತೇನೆ. ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ. ಕಳೆದ ತಿಂಗಳು ಮೂರನೇ ಮನೆಯ ಹುಡುಗಿ ಬಂದು, "ನಾಳೆ ಸಹಿಗೆ ಕರ್ದಿದಾರೆ ಆಂಟಿ" ಎಂದಳು. ಕರಡು ಪತ್ರ ಕೇಳಿ ತರಿಸಿಕೋ ಎಂದೆ. ತರಿಸಿಕೊಂಡಳು, ಓದಿದಳು, ಮರುದಿನ ಹೋಗಲಿಲ್ಲ.

ಆವತ್ತು ರಾತ್ರಿ ಅತ್ತೆ ಟ್ರಂಕಿನಡಿಯಿಂದ ಮಡಿಸಿದ ಹಳದಿ ಕಾಗದವೊಂದನ್ನು ತೆಗೆದು ನನ್ನ ಮುಂದಿಟ್ಟರು. "ನಿಮ್ಮ ಮಾವ ಜೋಪಾನ ಅಂತ ಕೊಟ್ಟಿದ್ರು. ಏನು ಬರ್ದಿದೆ ನೋಡು." 1978ರ ಕಂದಾಯದ ರಸೀದಿ ಅದು, ಬೇರೇನಲ್ಲ. ಆದರೂ ಕೊನೆಯ ಸಾಲಿನವರೆಗೆ ಓದಿಸಿಕೊಂಡೇ ಎದ್ದರು.