ಮಹಾವೀರಾಚಾರ್ಯನ ಅಂಕಹಾರ: 12345654321

ನೃಪತುಂಗನ ಕಾಲವೆಂದೊಡನೆ ಕನ್ನಡದ ವಿದ್ಯಾರ್ಥಿಗೆ ನೆನಪಾಗುವುದು 'ಕವಿರಾಜಮಾರ್ಗ'. ಅದೇ ಅರಸನನ್ನು ಆರಂಭದ ಪದ್ಯಗಳಲ್ಲಿ ಸ್ತುತಿಸಿ, ಸುಮಾರು 850ರಲ್ಲಿ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ವನ್ನು ನಾವು ಹೆಸರಿಸಿ ಮುಂದೆ ಸಾಗುವುದೇ ಹೆಚ್ಚು. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಅವರು ಬಳಸಿದ ಹಸ್ತಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು. ಆ ಗ್ರಂಥದ ಗುಣಾಕಾರ ಭಾಗದಲ್ಲಿ ಬರುವ ಒಂದು ಸಂಖ್ಯೆಯನ್ನಷ್ಟೇ ಇಲ್ಲಿ ಪರಿಶೀಲಿಸಲಾಗಿದೆ.

27994681ನ್ನು 441ರಿಂದ ಗುಣಿಸಿದರೆ 12345654321 ದೊರೆಯುತ್ತದೆ. ನಮ್ಮ ಎಣಿಕೆಯಲ್ಲಿ ಇದು 1234 ಕೋಟಿ 56 ಲಕ್ಷ 54 ಸಾವಿರದ 321. ಆದರೆ ಮಹಾವೀರನು ಇದನ್ನು ಹೀಗೆ ಹೆಸರಿಸುವುದಿಲ್ಲ. ಒಂದರಿಂದ ತೊಡಗಿ ಆರರವರೆಗೆ ಏರಿ, ಬಳಿಕ ಕ್ರಮವಾಗಿ ಇಳಿಯುವ ಸಂಖ್ಯೆ ಎಂದು ವರ್ಣಿಸುತ್ತಾನೆ. ಅಂಕದ ಬೆಲೆ ಅದರ ಸ್ಥಾನದಿಂದ ನಿರ್ಧಾರವಾಗುತ್ತದೆಂಬ ತಿಳಿವು ಓದುಗನಲ್ಲಿ ಬೇರೂರಿದ್ದರೆ ಮಾತ್ರ ಇಂತಹ ವರ್ಣನೆ ಅರ್ಥವಾದೀತು. ಇಂತಹ ಗುಣಲಬ್ಧಗಳನ್ನು ಅವನು ಕೊರಳಿನ ಆಭರಣಕ್ಕೆ ಹೋಲಿಸಿರುವುದನ್ನು ಕೇವಲ ಚಮತ್ಕಾರವೆಂದು ತಳ್ಳಿಹಾಕುವುದು ಸರಿಯಲ್ಲ.

ಇನ್ನೊಂದು ಸೂಕ್ಷ್ಮವಿದೆ. ಪದ್ಯದಲ್ಲಿ ಸಂಖ್ಯೆಗಳನ್ನು ಹೇಳುವಾಗ ಅಂಕಗಳು ಬಲದಿಂದ ಎಡಕ್ಕೆ ಸಾಗುತ್ತವೆಂಬ ನಿಯಮ ಶಾಸನಗಳನ್ನು ಓದಿದವರಿಗೆ ಪರಿಚಿತ. ಎರಡು ಕಡೆಯಿಂದಲೂ ಒಂದೇ ಆಗಿರುವ ಈ ಸಂಖ್ಯೆಗೆ ಆ ನಿಯಮದ ಹಂಗಿಲ್ಲ. ಚಿತ್ರಕಾವ್ಯದ ಗತಪ್ರತ್ಯಾಗತವನ್ನು ಬಲ್ಲವರು ಇದನ್ನು ಕಂಡು ಮುಗುಳ್ನಗಬಹುದು.

ಈ ಏರಿಳಿತ ಹೇಗೆ ಬಂತು? 111ನ್ನು 111ರಿಂದಲೇ ಗುಣಿಸಿ ನೋಡೋಣ. 111, 1110, 11100 ಇವನ್ನು ಒಂದರ ಕೆಳಗೊಂದು ಬರೆದು ಕೂಡಿದರೆ, ಕಂಬಸಾಲುಗಳಲ್ಲಿ ಕ್ರಮವಾಗಿ ಒಂದು, ಎರಡು, ಮೂರು, ಎರಡು, ಒಂದು ಅಂಕಗಳು ಕೂಡಿ 12321 ಆಗುತ್ತದೆ. ಹಾಗೆಯೇ ನಮ್ಮ ಸಂಖ್ಯೆ 111111ರ ವರ್ಗ. 111111ರ ಅವಿಭಾಜ್ಯ ಅಪವರ್ತನಗಳು 3, 7, 11, 13 ಮತ್ತು 37. ಆದುದರಿಂದ ವರ್ಗದಲ್ಲಿ ಇವು ಪ್ರತಿಯೊಂದೂ ಎರಡೆರಡು ಬಾರಿ ಬರುತ್ತವೆ; ಸಂಖ್ಯೆಗೆ ಒಟ್ಟು 243 ಭಾಜಕಗಳು. ಮಹಾವೀರನ 441 ಎಂಬುದು 3 ಮತ್ತು 7ರ ಗುಣಲಬ್ಧವಾದ 21ರ ವರ್ಗ. 27994681 ಎಂಬುದು ಉಳಿದ ಮೂರರ ಗುಣಲಬ್ಧವಾದ 5291ರ ವರ್ಗ. ಮೇಲುನೋಟಕ್ಕೆ ಯಾವ ಚೆಲುವೂ ಇಲ್ಲದ ಆ ಎಂಟು ಅಂಕಗಳ ಸಂಖ್ಯೆಯನ್ನೇ ಅವನು ಗುಣ್ಯವಾಗಿ ಆರಿಸಿಕೊಂಡನು. ಹಾರವನ್ನು ಬಿಡಿಸಿ ಮಣಿಗಳನ್ನು ಬೇರ್ಪಡಿಸಿದ ಕುಶಲಕರ್ಮಿಯ ಕೈ ಇಲ್ಲಿ ಕಾಣುತ್ತದೆ.

ಒಂಬತ್ತು ಒಂದುಗಳವರೆಗೆ ಈ ಕ್ರಮ ಕೆಡುವುದಿಲ್ಲ. 111111111ರ ವರ್ಗ 12345678987654321. ಹತ್ತನೆಯ ಒಂದು ಸೇರಿದೊಡನೆ ನಡುವಿನ ಕಂಬಸಾಲಿನ ಮೊತ್ತ ಹತ್ತಾಗಿ, ದಶಕವು ಎಡಕ್ಕೆ ಸರಿಯುತ್ತದೆ, ಫಲ 1234567900987654321. ಹೀಗೆ ಮುರಿದುಬಿದ್ದ ಹಾರದ ಎಡತುದಿಯಲ್ಲಿ ಎಂಟಿಲ್ಲದ 12345679 ನಿಂತಿದೆ. ಮಹಾವೀರನು 9ರಿಂದ ಗುಣಿಸಿ 111111111 ಎಂಬ ಇನ್ನೊಂದು ಆಭರಣವನ್ನು ಪಡೆದದ್ದು ಇದೇ ಸಂಖ್ಯೆಯಿಂದ.