ಪಥ್ಯದ ಹದಿನಾಲ್ಕು ದಿನಗಳು

ಗರ್ಭಕಾಲದ ಮಧುಮೇಹವು ನೋವಿನಿಂದಲೋ ಜ್ವರದಿಂದಲೋ ತನ್ನ ಬರವನ್ನು ಸಾರುವ ವ್ಯಾಧಿಯಲ್ಲವಾದುದರಿಂದ, ರಕ್ತವನ್ನು ಪರೀಕ್ಷಿಸಿದಲ್ಲದೆ ಅದರ ಇರವು ಗೋಚರಿಸದು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ಕ್ರಮವಾಗಿ ಪರೀಕ್ಷಿಸಿದಾಗ ನೂರಕ್ಕೆ ಆರು ಮಂದಿಯಲ್ಲಿ ಅದು ಕಂಡುಬಂದಿತು. ದೂರದೂರಿಂದ ಬಸ್ಸು ಹಿಡಿದು ಬರುವ ಬಸುರಿಯನ್ನು ಬರಿಹೊಟ್ಟೆಯಲ್ಲಿ ಬಾರೆನ್ನುವುದು ಉಚಿತವಲ್ಲವೆಂದರಿತ ಚೆನ್ನೈನ ವೈದ್ಯ ವಿ. ಶೇಷಯ್ಯನವರು, ಉಂಡಿರಲಿ ಉಣ್ಣದಿರಲಿ 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕುಡಿಸಿ, ಎರಡು ಗಂಟೆಯ ತರುವಾಯ ರಕ್ತದ ಸಕ್ಕರೆಯ ಪ್ರಮಾಣ ಡೆಸಿಲೀಟರಿಗೆ 140 ಮಿಲಿಗ್ರಾಂ ಮುಟ್ಟಿತೇ ಎಂದು ನೋಡುವ ಸರಳ ವಿಧಾನವನ್ನು ಪ್ರತಿಪಾದಿಸಿದರು. ಕೇಂದ್ರ ಸರ್ಕಾರದ ಮಾರ್ಗಸೂಚಿಯೂ ಅದನ್ನೇ ಅಂಗೀಕರಿಸಿತು.

ಆ ಮಾರ್ಗಸೂಚಿಯಂತೆ ಮೊದಲ ಚಿಕಿತ್ಸೆ ಎರಡು ವಾರಗಳ ಪಥ್ಯ. ಅನಂತರವೂ ಊಟವಾಗಿ ಎರಡು ಗಂಟೆಗೆ ಸಕ್ಕರೆ 120ರೊಳಗೆ ಇಳಿಯದಿದ್ದರೆ ಮಾತ್ರೆಯೋ ಇನ್ಸುಲಿನ್ನೋ. ಆ ಹದಿನಾಲ್ಕು ದಿನ ವೈದ್ಯರು ಆಸ್ಪತ್ರೆಯಲ್ಲಿ, ಬಸುರಿ ಮನೆಯಲ್ಲಿ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯಲ್ಲಂತೂ ಒಂದೊಂದು ಅಡಿಕೆ ತೋಟದ ಮಗ್ಗುಲಿಗೆ ಒಂದೊಂದು ಮನೆ. ಆಲೆಮನೆಯ ಕಾಲ ಬಂದಿತೆಂದರೆ ಕಬ್ಬಿನ ಹಾಲು, ತೊಡದೇವು, ದೋಸೆಗೆ ಜೋನಿಬೆಲ್ಲ. ಎರಡು ಜೀವದವಳು ಬೇಡವೆಂದರೂ ಬಡಿಸುವ ಅತ್ತೆಯ ಅಕ್ಕರೆ.

1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ಶುಭಾಶಯವಾಗಿ ಹುಟ್ಟಿದ ಎಸ್ಸೆಮ್ಮೆಸ್ಸು ವೈದ್ಯರಿಗೂ ಬಸುರಿಗೂ ನಡುವಣ ಈ ಅಂತರವನ್ನು ತುಂಬಬಲ್ಲುದೆಂಬ ಭರವಸೆಗೆ ಆಧಾರವಿಲ್ಲದಿಲ್ಲ. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ಬಳಗವು ಮಧುಮೇಹದ ಅಂಚಿನಲ್ಲಿದ್ದ 537 ಪುರುಷರ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಹಾರ ವ್ಯಾಯಾಮಗಳ ಸಂದೇಶ ಪಡೆದವರಲ್ಲಿ ರೋಗಸಂಭವ ಶೇಕಡ 36ರಷ್ಟು ತಗ್ಗಿತು. ಆದರೆ ದಕ್ಷಿಣ ಭಾರತದ 631 ಎಚ್‌ಐವಿ ಸೋಂಕಿತರಿಗೆ ವಾರವಾರವೂ ಫೋನಿನ ಮೂಲಕ ಔಷಧದ ನೆನಪು ಕೊಟ್ಟುದರಿಂದ ಗಣನೀಯ ಫಲ ದೊರೆಯಲಿಲ್ಲವೆಂದು 2014ರಲ್ಲಿ ತಿಳಿದುಬಂದಿತು. ಬರಿಯ ಎಚ್ಚರಿಕೆಯ ಗಂಟೆ ಸಾಲದು. ಇಂದಿನ ತಟ್ಟೆಯಲ್ಲಿ ಅನ್ನವೆಷ್ಟು, ಪಲ್ಯವೆಷ್ಟು, ಜೋನಿಬೆಲ್ಲದ ಬದಲು ತಂಬುಳಿಯಾಗಬಹುದೇ ಎಂದು ಹೇಳುವ, ಮರುಪ್ರಶ್ನೆಗೆ ಆಶಾ ಕಾರ್ಯಕರ್ತೆಯಿಂದ ಉತ್ತರ ತರಿಸುವ ಸಂದೇಶವೇ ಪಥ್ಯಕ್ಕೆ ಜೊತೆಯಾದೀತು. ಕರೆಯಾದರೆ ಸಿಗ್ನಲ್ಲಿಲ್ಲದ ಕಣಿವೆಯಲ್ಲಿ ವ್ಯರ್ಥವಾಗುವುದು; ಸಂದೇಶವಾದರೋ ಕಾದಿದ್ದು, ಬಸುರಿ ದಿಬ್ಬವೇರಿದೊಡನೆ ಕೈಸೇರುವುದು.

ಇನ್ನೊಂದು ಪ್ರಯೋಜನವುಂಟು. ಹೆರಿಗೆಯಾಗಿ ಆರು ವಾರಕ್ಕೆ ಮತ್ತೊಮ್ಮೆ ಆಗಬೇಕಾದ ರಕ್ತಪರೀಕ್ಷೆ, ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗುವ ನಮ್ಮ ರೂಢಿಯಲ್ಲಿ ತಪ್ಪಿಹೋಗುವುದು ಸುಲಭ. ಗಂಡನ ಊರಿನ ಆಸ್ಪತ್ರೆಯ ವಹಿಯಲ್ಲಿರುವ ಹೆಸರು ಅಲ್ಲಿಯೇ ಉಳಿದರೂ ಫೋನಿನ ಸಂಖ್ಯೆ ಬಾಣಂತಿಯೊಡನೆ ಹೋಗುತ್ತದೆ. ಈ ಮಧುಮೇಹ ಹೆರಿಗೆಯೊಡನೆ ಅಡಗಿದರೂ ಮುಂದೆ ಸ್ಥಿರವಾಗಿ ನೆಲೆಸುವ ಸಂಭವವುಳ್ಳದ್ದಾದುದರಿಂದ, ಸಂದೇಶಗಳ ಸರಣಿ ಮಗು ಹುಟ್ಟಿದ ದಿನಕ್ಕೆ ನಿಲ್ಲದೆ ಆ ಪರೀಕ್ಷೆಯವರೆಗೂ ನಡೆಯತಕ್ಕದ್ದು.